ಅಳತೆಯ ಕಾಲಂ

ನಮ್ಮ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಏಳು ಲಕ್ಷ ಫೈಲುಗಳಿವೆ. ಎಣಿಸಿದವರು ಯಾರೂ ಇಲ್ಲವಾದ್ದರಿಂದ ನಾನು ಹೇಳಿದ್ದೇ ಲೆಕ್ಕ. ಅದರಲ್ಲಿ ಯಾವುದನ್ನು ಕೇಳಿದರೂ ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಚಹಾ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಿಂದ ತೆಗೆದುಕೊಡುತ್ತೇನೆ. ಒಮ್ಮೆ ದೊಡ್ಡ ಡಾಕ್ಟರು ಫೈಲೊಂದನ್ನು ಕೇಳಿ ಸೀನಿದರು. ಸೀನು ಮುಗಿಸಿ ಕಣ್ಣು ಬಿಡುವಷ್ಟರಲ್ಲಿ ಫೈಲು ಅವರ ಮೇಜಿನ ಮೇಲಿತ್ತು. ಕಂಪ್ಯೂಟರು ತಂದಿಟ್ಟ ಮೇಲೂ ನರ್ಸುಗಳು ಅದನ್ನು ಕೇಳುವುದಿಲ್ಲ, ನನ್ನನ್ನೇ ಕೇಳುತ್ತಾರೆ. ಆ ಅವಮಾನ ತಾಳಲಾರದೆ ಪಾಪ ಅದು ವಾರಕ್ಕೆರಡು ಸಲ ಕೆಟ್ಟು ಕೂರುತ್ತದೆ.

ಇಂಥ ನನಗೆ ಮುನ್ನೂರ ಹನ್ನೆರಡು ಅಡುಗೆ ಚೀಟಿಗಳನ್ನು ಜೋಡಿಸಿಡುವುದು ಯಾವ ಮಹಾ ಕೆಲಸ?

ಚೀಟಿಗಳು ನಮ್ಮಮ್ಮನವು. ಅಮ್ಮ ತೀರಿಕೊಂಡು ಎಂಟು ವರ್ಷವಾಯಿತು. ಯಾರ ಮನೆಗೆ ಹೋದರೂ ತಟ್ಟೆಯಲ್ಲಿ ರುಚಿಯಾದದ್ದು ಬಿದ್ದರೆ ಸಾಕು, ಕೈಗೆ ಸಿಕ್ಕ ಕಾಗದದ ಮೇಲೆ ಬರೆದುಕೊಂಡೇ ಅವಳು ಎದ್ದು ಬರುತ್ತಿದ್ದಳು. ಬಸ್ ಟಿಕೆಟ್ಟು, ಸಾಬೂನಿನ ಹೊದಿಕೆ, ಔಷಧಿ ಅಂಗಡಿಯ ಪೊಟ್ಟಣ, ಕ್ಯಾಲೆಂಡರಿನ ಹಾಳೆ. ಕುಂಬಳಕಾಯಿ ಸೂಪು ಇರುವುದು ನಾನು ಗಣಿತದಲ್ಲಿ ತೊಂಬತ್ತೆಂಟು ತೆಗೆದ ಅಂಕಪಟ್ಟಿಯ ಹಿಂಬದಿಯಲ್ಲಿ. ಮುಂಬದಿ ತಿರುಗಿಸಿ ನೋಡಿದ ಕಿಡಿಗೇಡಿಗಳು ಅದು ಐವತ್ತೆಂಟು ಎನ್ನುತ್ತಾರೆ. ಶಾಯಿ ಮಾಸಿದೆ, ಅಷ್ಟೇ. ಇವೆಲ್ಲ ಮೂರು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ, ಹಿಡಿಸದೆ ಉಳಿದವು ಒಂದು ದಿಂಬಿನ ಚೀಲದಲ್ಲಿದ್ದವು. ಅಮ್ಮ ತಲೆಬರಹ ಬರೆಯುತ್ತಿರಲಿಲ್ಲ. ಯಾವ ಕಾಗದ ಯಾವ ಅಡುಗೆ ಎಂಬುದು ಅವಳಿಗೆ ಕಾಗದದ ಬಣ್ಣ ನೋಡಿದರೇ ಗೊತ್ತಾಗುತ್ತಿತ್ತು.

ಅಮ್ಮ ಮಾಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ನಮ್ಮಿಬ್ಬರ ಕೆಲಸ ಹೀಗೆ ಹಂಚಿಹೋಗಿತ್ತು. ಮದುವೆಗೆಂದು ನನ್ನನ್ನು ಕೇಳಿಕೊಂಡು ಬಂದವರ ಸಾಲು ಬೀದಿಯ ತಿರುವಿನವರೆಗೂ ಇತ್ತು. ಅವರೆಲ್ಲ ಪಕ್ಕದ ಮನೆಯ ವಿಳಾಸ ಕೇಳಲು ನಿಂತವರು ಎನ್ನುವುದು ನನ್ನ ತಂಗಿ ಗುಬ್ಬಿಯ ಕುಹಕ. ಗುಬ್ಬಿ ಮದುವೆಯಾಗಿ ರೈಲಿನಲ್ಲಿ ಮೂರು ಗಂಟೆಯ ದೂರದಲ್ಲಿದ್ದಾಳೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ, ಇಬ್ಬರು ಮಕ್ಕಳು.

ಅಮ್ಮ ಹೋದ ಮೂರನೇ ವಾರ, ಭಾನುವಾರ ನಾಲ್ಕು ಗಂಟೆಗೆ ಗುಬ್ಬಿ ಫೋನ್ ಮಾಡಿದಳು. ಒಲೆಯ ಮುಂದೆ ನಿಂತು ಅಳುತ್ತಿದ್ದಳು.

"ಅಕ್ಕಾ, ಅಮ್ಮನ ಬೇಳೆ ಸೂಪು ಮಾಡ್ಬೇಕು ಅಂತ ನಿಂತಿದ್ದೀನಿ. ಒಂದೂ ಜ್ಞಾಪಕ ಬರ್ತಿಲ್ಲ ಕಣೇ. ಉಪ್ಪೆಷ್ಟು?"

ಡಬ್ಬಿಯಲ್ಲಿ ಕೈಯಾಡಿಸಿ ಚೀಟಿ ತೆಗೆದೆ. ಬೇಳೆ, ಈರುಳ್ಳಿ, ಬೆಣ್ಣೆ, ಮೆಣಸು ಎಂದು ಅಮ್ಮ ಬರೆದಿದ್ದಳು. ಕೊನೆಯಲ್ಲಿ, ಉಪ್ಪು ಸಾಕಾಗುವಷ್ಟು. ಮುನ್ನೂರ ಹನ್ನೆರಡು ಚೀಟಿಗಳಲ್ಲಿ ಒಂದರಲ್ಲೂ ಅವಳು ಅಳತೆ ಬರೆದಿಲ್ಲ. ಎಲ್ಲ ಸಾಕಾಗುವಷ್ಟು, ಹಿಡಿಯುವಷ್ಟು, ನೋಡಿಕೊಂಡು. ಅಳುತ್ತಿರುವ ತಂಗಿಗೆ ಸಾಕಾಗುವಷ್ಟು ಹಾಕಿಕೊ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಮುಕ್ಕಾಲು ಚಮಚ," ಎಂದೆ.

ಅಳು ನಿಂತಿತು. "ಮುಕ್ಕಾಲಾ? ಬೆಣ್ಣೆ?"

"ಎರಡು ಚಮಚ. ಎರಡನೇದು ಸ್ವಲ್ಪ ತಗ್ಗು."

ಆಮೇಲೆ ಪ್ರತಿ ಭಾನುವಾರ ನಾಲ್ಕಕ್ಕೆ ಫೋನು. ಈ ವಾರ ಸೇಬಿನ ಜಾಮು, ಮುಂದಿನ ವಾರ ಹುರಿದ ಮೀನು, ಅದರಾಚೆ ಮೊಟ್ಟೆಯ ಕೇಕು. ನಾನು ಅಳತೆಗಳನ್ನು ಮಳೆಯಂತೆ ಸುರಿಸಿದೆ. ಜನ್ಮದಲ್ಲಿ ಒಂದು ಆಲೂಗಡ್ಡೆಯ ಸಿಪ್ಪೆ ತೆಗೆಯದ ನಾನು ಕಾಲು ಚಮಚ, ಅರೆಪಾವು, ಹನ್ನೊಂದು ನಿಮಿಷ ಸಣ್ಣ ಉರಿ ಎಂದು ಹೇಳುವ ಠೀವಿ ಕೇಳಿದ್ದರೆ ದೊಡ್ಡ ಹೋಟೆಲಿನ ಬಾಣಸಿಗರು ಟೋಪಿ ತೆಗೆದಿಟ್ಟು ಮನೆಗೆ ಹೋಗುತ್ತಿದ್ದರು. ಅಡುಗೆಯ ಮಾತು ಏಳು ನಿಮಿಷ ಆಗುತ್ತಿತ್ತು. ಉಳಿದ ನಾಲ್ಕು ನಿಮಿಷ ಮಕ್ಕಳ ಕೆಮ್ಮು, ಗಂಡನ ಬೆನ್ನುನೋವು, ನನ್ನ ಮಂಡಿ. ಚೀಟಿಯ ಫೋಟೋ ತೆಗೆದು ಕಳಿಸು ಎಂದರೆ, ನನ್ನ ಫೋನಿನ ಕ್ಯಾಮೆರಾಕ್ಕೆ ಪೊರೆ ಬಂದಿದೆ ಎನ್ನುತ್ತಿದ್ದೆ. ಎಂಟು ವರ್ಷದಿಂದ ಪೊರೆ.

ವಾರದ ಇನ್ನಾರು ದಿನ ನನಗೆ ಫೋನು ಮಾಡುವವರು ಇಬ್ಬರೇ: ವಿಮೆ ಮಾರುವ ಹುಡುಗಿ ಮತ್ತು ರಾಂಗ್ ನಂಬರು. ವಿಮೆಯ ಹುಡುಗಿಯನ್ನು ಒಮ್ಮೆ ಇಪ್ಪತ್ತು ನಿಮಿಷ ಹಿಡಿದಿಟ್ಟಿದ್ದೆ. ಕೊನೆಗೆ ಅವಳೇ, "ನಂಗೆ ಬೇರೆ ಕೆಲಸ ಇದೆ ಮೇಡಂ," ಎಂದು ಇಟ್ಟುಬಿಟ್ಟಳು.

ಹೀಗಿರುವಾಗ, ಹೋದ ವರ್ಷ ಒಂದು ಭಾನುವಾರ ಗುಬ್ಬಿ ನನ್ನ ಬುಡಕ್ಕೇ ಕೈ ಹಾಕಿದಳು.

"ಅಕ್ಕಾ, ಅಮ್ಮನ ಚೀಟಿ ಎಲ್ಲಾ ನಂಗೆ ಕಳಿಸಿಬಿಡು."

"ಯಾಕೆ? ನಾನೇನು ತಿಂದು ಹಾಕ್ತೀನಾ?"

"ನೀನು ತಿನ್ನೋದೂ ಇಲ್ಲ, ಮಾಡೋದೂ ಇಲ್ಲ. ಈಗ ನಿನ್ನ ಒಲೆ ಮೇಲೆ ಏನಿದೆ ಹೇಳು ನೋಡೋಣ."

ಒಲೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇತ್ತು. "ಅನ್ನ ಕುದೀತಿದೆ," ಎಂದೆ.

"ಬಿಡು ಬಿಡು, ಬಡಾಯಿ! ನೋಡು, ನಂಗೆ ಬುಧವಾರ ಏನಾದ್ರೂ ಮಾಡ್ಬೇಕು ಅನ್ಸತ್ತೆ. ಭಾನುವಾರದ ತನಕ ಕಾಯ್ಬೇಕಾ?"

"ಬುಧವಾರಾನೇ ಫೋನ್ ಮಾಡು. ಯಾರು ಬೇಡ ಅಂದ್ರು?"

"ನೀನು ಡ್ಯೂಟೀಲಿ ಎತ್ತಲ್ಲ. ಮಕ್ಕಳಿಗೂ ಕಲಿಸ್ಬೇಕು ಕಣಕ್ಕಾ. ಎಲ್ಲಾ ಒಂದ್ ಕಡೆ ನನ್ನ ಕೈಗೆ ಸಿಗೋ ಹಾಗೆ ಇರ್ಲಿ."

ಚೀಟಿಗಳು ಅವಳ ಮನೆಗೆ ಹೋದರೆ ನನ್ನ ನಾಲ್ಕು ಗಂಟೆಯೂ ಹೋದಂತೆಯೇ. ಇಲ್ಲವೆನ್ನಲು ನನಗೆ ಹಕ್ಕಿಲ್ಲ, ಅಮ್ಮ ಅವಳಿಗೂ ಅಮ್ಮನೇ. ಆದರೆ ರೆಕಾರ್ಡ್ ರೂಮಿನವರ ಬುದ್ಧಿ ಯಾವತ್ತೂ ಬಾಗಿಲು ಮುಚ್ಚುವುದಿಲ್ಲ. "ಹಾಗೇ ಕಳಿಸೋಕಾಗುತ್ತಾ? ತಲೆಬುಡ ಇಲ್ಲ ಅದಕ್ಕೆ. ಕ್ರಮವಾಗಿ ಜೋಡಿಸಿ ಕಳಿಸ್ತೀನಿ," ಎಂದೆ. ಹೀಗೆ ಮೂರು ತಿಂಗಳು ಗಿಟ್ಟಿಸಿಕೊಂಡೆ.

ಜೋಡಿಸಿದ ರೀತಿ ಮಾತ್ರ ಇತಿಹಾಸದಲ್ಲಿ ಬರೆದಿಡುವಂಥದ್ದು. ನಮ್ಮ ಆಸ್ಪತ್ರೆಯಲ್ಲಿ ಫೈಲಿನ ಸಂಖ್ಯೆಯನ್ನು ಹಿಂದಿನಿಂದ ಓದುತ್ತೇವೆ. ಕೊನೆಯ ಎರಡು ಅಂಕಿ ಅರವತ್ತಮೂರಾದರೆ ಮೊದಲು ಅರವತ್ತಮೂರನೇ ಕಪಾಟಿಗೆ ಹೋಗು, ಅಲ್ಲಿ ನಡುವಿನ ಎರಡು ಅಂಕಿ ಹುಡುಕು, ಆಮೇಲೆ ಮೊದಲಿನವು. ಹೊಸ ಫೈಲುಗಳು ಹೀಗೆ ನೂರು ಕಪಾಟುಗಳಿಗೂ ಹರಡಿಕೊಳ್ಳುತ್ತವೆ. ಒಂದೇ ಕಪಾಟಿನ ಮುಂದೆ ಐದಾರು ಜನ ನುಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆಯುವುದು ತಪ್ಪುತ್ತದೆ. ನಾನು ಅಮ್ಮನ ಒಂದೊಂದು ಚೀಟಿಗೂ ಆರಂಕಿಯ ಸಂಖ್ಯೆ ಕೊಟ್ಟು, ಕಂದು ಲಕೋಟೆಯಲ್ಲಿ ಹಾಕಿ, ಲಕೋಟೆಯ ಮೇಲೆ ಸಂಖ್ಯೆ ಮಾತ್ರ ಬರೆದೆ. ಯಾವ ಸಂಖ್ಯೆ ಯಾವ ಅಡುಗೆ ಎಂಬುದು ಪ್ರತ್ಯೇಕ ರಿಜಿಸ್ಟರಿನಲ್ಲಿ.

ಪೆಟ್ಟಿಗೆ ಮಾಡಿಕೊಟ್ಟವನು ಆಸ್ಪತ್ರೆಯ ಬಡಗಿ. ಮುರಿದ ಮಂಚ, ಕೀಲು ಸಡಿಲವಾದ ಬಾಗಿಲು ಅವನ ಕಸುಬು. ನನ್ನ ನಕ್ಷೆ ನೋಡಿ ಪೆನ್ಸಿಲಿನಿಂದ ತಲೆ ಕೆರೆದುಕೊಂಡ.

"ಏನಕ್ಕಾ ಇದು, ಪಾರಿವಾಳಗಳಿಗೆ ಹಾಸ್ಟೆಲ್ಲಾ?"

"ಅಡುಗೆ ಚೀಟಿ ಇಡೋಕೆ."

"ನೂರು ಖಾನೆ! ಎಷ್ಟು ಜನ ಅಡುಗೆಯವರು?"

"ಒಬ್ಬಳು."

"ಒಬ್ಬಳಿಗೆ ನೂರಾ?"

"ಡಿಕ್ಕಿ ಹೊಡೀಬಾರದಲ್ಲ."

"ಒಬ್ಬಳೇ ಇದ್ರೆ ಯಾರಿಗಕ್ಕಾ ಡಿಕ್ಕಿ ಹೊಡೀತಾಳೆ?"

ನನ್ನ ಬಳಿ ಯಾವ ಪ್ರಶ್ನೆಗೂ ಹದಿನೇಳು ಉತ್ತರ ಸಿದ್ಧವಿರುತ್ತವೆ. "ನೀನು ಉಳಿ ಹಿಡಿ, ನಾಲಿಗೆ ಬಿಡು," ಎಂದು ಗದರಿ ಬಂದೆ.

ಗುಬ್ಬಿಯ ಗಂಡ ಗಾಜಿನ ಸರಕು ತರಲು ಈ ಕಡೆ ಬಂದವನು ಪೆಟ್ಟಿಗೆಯನ್ನೂ ಖಾಲಿ ಡಬ್ಬಿಗಳನ್ನೂ ಹೊತ್ತುಕೊಂಡು ಹೋದ. ರಿಜಿಸ್ಟರು ನನ್ನ ಹಾಸಿಗೆಯ ಕೆಳಗೇ ಉಳಿಯಿತು. ಮರೆತೆ ಎಂದು ಬರೆದರೆ ನೀವು ನಂಬಬಹುದು, ಆದರೆ ನನಗೇ ನಗು ಬರುತ್ತದೆ.

ಅಂದು ಸಂಜೆಯೇ ಫೋನು.

"ಅಕ್ಕಾ, ಇದೇನಿದು? ಜೈಲಿನ ಕೈದಿಗಳ ಥರ ಎಲ್ಲಕ್ಕೂ ನಂಬರ್ ಹಾಕಿದ್ದೀಯ! ಜಾಮ್ ಎಲ್ಲಿದೆ?"

"ನಲವತ್ತೊಂದರ ಖಾನೆ. ಅದ್ರಲ್ಲಿ ಎರಡನೇ ಲಕೋಟೆ."

ಖರಪರ ಸದ್ದು. "ಸಿಕ್ತು. ಅಲ್ಲಾ, ಇದ್ರಲ್ಲಿ ಸಕ್ಕರೆ ಹಿಡಿಯುವಷ್ಟು ಅಂತಿದೆ. ನೀನು ಹೇಳ್ತಿದ್ದ ಅಳತೆ ಎಲ್ಲಿ?"

ನಾನು ಹುಟ್ಟುತ್ತಲೇ ಚುರುಕು. "ಅದೆಲ್ಲ ರಿಜಿಸ್ಟರಲ್ಲಿದೆ. ಅಳತೆಗೆ ಅಂತಲೇ ಒಂದು ಕಾಲಂ ಎಳೆದಿದ್ದೀನಿ. ಬೈಂಡಿಂಗಿಗೆ ಕೊಟ್ಟಿದ್ದೀನಿ, ಬಂದ ತಕ್ಷಣ ಕಳಿಸ್ತೀನಿ. ಅಲ್ಲಿ ತನಕ ನನ್ನ ತಲೆಯೇ ರಿಜಿಸ್ಟರು. ಯಾವಾಗ ಬೇಕಾದ್ರೂ ಕೇಳು."

ಅವಳು ಕೇಳಿದಳು ಸ್ವಾಮಿ! ಒಂಬತ್ತು ದಿನಗಳಲ್ಲಿ ಹದಿನಾಲ್ಕು ಸಲ. ಸೋಮವಾರ, ಮಂಗಳವಾರ, ಡ್ಯೂಟಿಯಲ್ಲಿದ್ದಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವಾಗ. ನಾನು ರೆಕಾರ್ಡ್ ರೂಮಿನ ಕಪಾಟುಗಳ ನಡುವೆ ನಿಂತು, "ಹದಿನಾರರ ಖಾನೆ, ಅರ್ಧ ಚಮಚ, ಬಾಣಲೆ ಚೆನ್ನಾಗಿ ಕಾಯ್ಲಿ," ಎಂದು ಆಜ್ಞೆ ಮಾಡುತ್ತಿದ್ದರೆ ನರ್ಸುಗಳು ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಪ್ರಪಂಚದ ಯಾವ ರಾಣಿಗೂ ಅಂಥ ಒಂಬತ್ತು ದಿನ ಸಿಕ್ಕಿರಲಾರದು.

ಹತ್ತನೆಯ ದಿನ ಫೋನು ಬರಲಿಲ್ಲ. ಆ ಭಾನುವಾರ ಮೂರೂವರೆಗೇ ಮುಖ ತೊಳೆದು ಕೂತೆ. ನಾಲ್ಕಾಯಿತು, ಐದಾಯಿತು. ಫೋನು ಸತ್ತಿದೆಯೋ ನೋಡಲು ಕೆಳಗಿನ ಅಂಗಡಿಯವನಿಂದ ಒಂದು ಕರೆ ಮಾಡಿಸಿದೆ. ಚೆನ್ನಾಗಿಯೇ ಹೊಡೆದುಕೊಂಡಿತು. ಇನ್ನೊಂದು ಭಾನುವಾರ ಹೀಗೆಯೇ ಕಳೆಯಿತು. ಮೂರನೆಯದರಂದು ಬಿಗುಮಾನ ಬಿಟ್ಟು ನಾನೇ ಮಾಡಿದೆ.

"ಏನೇ, ಅಡುಗೆ ಬಿಟ್ಟು ಸನ್ಯಾಸ ತಗೊಂಡ್ಯಾ?"

"ಅಡುಗೆ ಮಾಡ್ತಿದ್ದೀನಿ ಅಕ್ಕ. ಯಾವ್ದಾದ್ರೂ ಮಾಡ್ಕೋತೀನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ನಿಭಾಯಿಸುತ್ತಿದ್ದೆ.

"ಅಮ್ಮಂದು?"

"ಪೆಟ್ಟಿಗೆ ಬೀರು ಮೇಲೆ ಇಟ್ಬಿಟ್ಟೆ. ಒಂದೊಂದಕ್ಕೂ ನಿನ್ನ ಕೇಳ್ಬೇಕು. ನಂಬರ್ ಕೇಳ್ಬೇಕು, ಆಮೇಲೆ ಉಪ್ಪು ಕೇಳ್ಬೇಕು. ಮೊದ್ಲು ಡಬ್ಬೀಲಿದ್ದಾಗ ನಿನ್ ಹತ್ರ ಇದೆ ಅಂತ ಒಂದು ಧೈರ್ಯ ಇತ್ತು. ಈಗ ನಂದೇ ಮನೇಲಿದೆ, ಆದ್ರೂ ನಂದಲ್ಲ. ಸಾಕಾಯ್ತು ಕಣಕ್ಕಾ. ಬಿಟ್ಬಿಟ್ಟೆ."

ನಾಲ್ಕು ನಿಮಿಷವೂ ಆಗಿರಲಿಲ್ಲ, ಇಟ್ಟಳು. ಮಕ್ಕಳ ಕೆಮ್ಮಿನ ಸುದ್ದಿಯೇ ಬರಲಿಲ್ಲ.

ಆ ವಾರವಿಡೀ ಕ್ಯಾಂಟೀನಿನ ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಫೋನು ಹೋದದ್ದು ಒಂದು ಕಡೆಯಾದರೆ, ಅಮ್ಮನನ್ನು ನೂರು ಖಾನೆಗಳಲ್ಲಿ ಹಂಚಿ, ಬೀಗ ಹಾಕಿ, ಕೀಲಿಯ ಮೇಲೆ ನಾನೇ ಮಲಗಿದ್ದೇನೆ ಎನಿಸಿದ್ದು ಇನ್ನೊಂದು ಕಡೆ. ಶನಿವಾರ ರಜೆ ಹಾಕಿ, ರಿಜಿಸ್ಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಬೆಳಗಿನ ರೈಲು ಹತ್ತಿದೆ.

ಕಿಟಕಿಯ ಪಕ್ಕ ಕೂತು ರಿಜಿಸ್ಟರು ಬಿಡಿಸಿದೆ. ಕೆಂಪು ಶಾಯಿಯ ಗೆರೆಗಳು. ಸಂಖ್ಯೆ, ಅಡುಗೆ, ಎಲ್ಲಿ ಸಿಕ್ಕಿತು, ಎಂಥ ಕಾಗದ. ಕೊನೆಯದು ಅಳತೆ. ಆ ಕಾಲಂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆಳ್ಳಗಿತ್ತು. ಮೂರು ಗಂಟೆಯ ಪ್ರಯಾಣದಲ್ಲಿ ಮುನ್ನೂರ ಹನ್ನೆರಡು ಸಾಲು ತುಂಬುವುದು ನನ್ನಂಥವಳಿಗೆ ಎಡಗೈ ಕೆಲಸ. ತುಂಬಿಕೊಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೇಳೆ ಸೂಪಿನ ಸಾಲಿಗೆ ಪೆನ್ನಿನ ತುದಿ ಮುಟ್ಟಿಸಿದೆ.

ಬರೆಯಲಾಗಲಿಲ್ಲ. ಮೂವತ್ತೊಂದು ವರ್ಷಗಳ ನೌಕರಿಯಲ್ಲಿ ನಾನು ಬಾಯಲ್ಲಿ ಹೇಳಿದ ಸುಳ್ಳುಗಳನ್ನು ಫೈಲು ಮಾಡಿದರೆ ಆಸ್ಪತ್ರೆಗೆ ಇನ್ನೊಂದು ಕಟ್ಟಡ ಬೇಕು. ಆದರೆ ನೋಡದ್ದನ್ನು ರಿಜಿಸ್ಟರಿನಲ್ಲಿ ಬರೆದವಳಲ್ಲ. ರೋಗಿಯ ರಕ್ತದ ಗುಂಪು ತಿಳಿಯದಿದ್ದರೆ ಕಾಲಂ ಖಾಲಿ ಬಿಡಬೇಕು, ಊಹಿಸಿ ತುಂಬಿದರೆ ಯಾರೋ ಸಾಯುತ್ತಾರೆ. ಕೆಲಸಕ್ಕೆ ಸೇರಿದ ದಿನ ನನಗೆ ಹೇಳಿಕೊಟ್ಟದ್ದು ಅದೊಂದೇ ಪಾಠ. ಪೆನ್ನಿನ ಮುಚ್ಚಳ ಹಾಕಿ, ಇಳಿಯುವ ತನಕ ಹೊರಗೆ ನೋಡುತ್ತ ಕೂತೆ.

ಬಾಗಿಲು ತೆರೆದ ಗುಬ್ಬಿ ನನ್ನನ್ನು ನೋಡಿ ಹೆದರಿದಳು. "ಯಾರಿಗೇನಾಯ್ತು?"

"ಯಾರಿಗೂ ಏನಿಲ್ಲ. ರಿಜಿಸ್ಟರ್ ತಂದೆ."

ಅವಳು ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿದಳು. ಮೇಲೆ ಬೆರಳು ಎಳೆದರೆ ಗೆರೆ ಬೀಳುವಷ್ಟು ಧೂಳು. ಅಡುಗೆಮನೆಯ ಮೇಜಿನ ಮೇಲೆ ರಿಜಿಸ್ಟರು ಬಿಡಿಸಿ ಒಂದು ಪುಟ ನೋಡಿದಳು, ಇನ್ನೊಂದು ನೋಡಿದಳು, ಕೊನೆಯಿಂದ ಹಿಂದಕ್ಕೆ ತಿರುಗಿಸಿದಳು.

"ಅಳತೆ ಎಲ್ಲಿ?"

"ಇಲ್ಲ."

"ಬರೀಲಿಲ್ವಾ?"

"ಅಮ್ಮ ಬರ್ದಿದ್ರೆ ತಾನೇ ನಾನು ಬರೆಯೋದು?"

"ಮತ್ತೆ ಮುಕ್ಕಾಲು ಚಮಚ?"

"ನಾನೇ ಹೇಳಿದ್ದು. ನೀನು ಅಳ್ತಿದ್ದೆ."

ಗುಬ್ಬಿ ಕುರ್ಚಿ ಎಳೆದುಕೊಂಡು ಕೂತಳು. ಬೈಯುತ್ತಾಳೆಂದು ಕಾದೆ. ಬೈಗುಳಕ್ಕೆ ಉತ್ತರಗಳು ನನ್ನ ಬಳಿ ಕಟ್ಟುಕಟ್ಟಿದ್ದವು.

"ಸಪ್ಪೆ ಇರ್ತಿತ್ತು ಅಕ್ಕ," ಎಂದಳು. "ಎಂಟು ವರ್ಷ ಸಪ್ಪೆ ಸೂಪು ಕುಡಿದಿದ್ದೀವಿ. ಅಮ್ಮಂದು ಹೀಗಿರ್ಲಿಲ್ಲ ಅಂತ ನಾಲಿಗೆ ಹೇಳೋದು. ಆದ್ರೆ ಅಕ್ಕ ಚೀಟಿ ನೋಡ್ಕೊಂಡು ಹೇಳ್ತಿದ್ದಾಳೆ, ಅಮ್ಮಂದು ಹೀಗೇ ಇತ್ತು, ನಂಗೇ ಮರ್ತುಹೋಗಿದೆ ಅಂದ್ಕೊಂಡೆ. ಅಮ್ಮನ ಕೈರುಚಿಯೇ ಮರ್ತುಹೋಯ್ತಲ್ಲ ಅಂತ ಎಷ್ಟು ಸಲ..." ಮಾತು ಅಲ್ಲಿಗೇ ಬಿಟ್ಟಳು.

ರಿಜಿಸ್ಟರು ಸುತ್ತಿ ತಂದಿದ್ದ ಟವೆಲಿನಿಂದ ನಾನು ಪೆಟ್ಟಿಗೆಯ ಧೂಳು ಒರೆಸತೊಡಗಿದೆ.

ಅವಳು ಎದ್ದು ಬೇಳೆ ತೊಳೆದಳು. ನನ್ನನ್ನು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಕುದಿ ಬಂದ ಮೇಲೆ ಮುಕ್ಕಾಲು ಚಮಚ ಉಪ್ಪು ಹಾಕಿದಳು. ನೆಕ್ಕಿ ನೋಡಿ ಕಾಲು ಚಮಚ ಹಾಕಿದಳು. ಮತ್ತೆ ನೆಕ್ಕಿ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಇನ್ನೊಂದು ಚಿಟಿಕೆ. ಆಮೇಲೆ ಚಮಚವನ್ನು ನನ್ನ ಬಾಯಿಯ ಮುಂದೆ ಹಿಡಿದಳು.

ಅಮ್ಮ! ಬರೀ ಅಮ್ಮ. ನಾನು ಉತ್ಪ್ರೇಕ್ಷೆ ಮಾಡುವವಳೆಂದು ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬೇಕು, ಇದರಲ್ಲಿ ಮಾತ್ರ ಒಂದು ಹರಳು ಉಪ್ಪೂ ಹೆಚ್ಚು ಸೇರಿಸಿಲ್ಲ.

ಗುಬ್ಬಿ ನನ್ನ ಜೇಬಿನಿಂದಲೇ ಪೆನ್ನು ತೆಗೆದುಕೊಂಡು ಆ ಸಾಲಿನಲ್ಲಿ ಬರೆದಳು: ಒಂದು ಚಮಚ, ಒಂದು ಚಿಟಿಕೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕಿರಿಯ ಮಗಳು ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಅಮ್ಮಾ, ಇದು ಅಜ್ಜಿ ಸೂಪ್ ಅಲ್ಲ. ಉಪ್ಪುಪ್ಪು. ನಂಗೆ ಅಜ್ಜೀದೇ ಬೇಕು."

ಅವಳ ಅಪ್ಪ ನಕ್ಕ. ಅವನಿಗೆ ಏನೂ ಗೊತ್ತಿರಲಿಲ್ಲ. ಗುಬ್ಬಿ ನಗಲಿಲ್ಲ. "ಇದೇ ಅಜ್ಜೀದು. ಮಾತಾಡ್ದೆ ಕುಡಿ," ಎಂದಳು.

"ದೊಡ್ಡಮ್ಮಾ, ನೀನೇ ಹೇಳು. ಇದು ಅಜ್ಜೀದಾ?"

"ಹೂಂ ಪುಟ್ಟ, ಇದೇ," ಎಂದೆ. ಎಂಟು ವರ್ಷದಿಂದ ಆ ಮಗುವಿನ ನಾಲಿಗೆಯ ಮೇಲೆ ಅಜ್ಜಿಯಾಗಿ ಕೂತಿದ್ದವಳು ನಾನು, ನಾನಾಗಿಯೇ ಎದ್ದು ಜಾಗ ಬಿಟ್ಟೆ.

ಸಂಜೆಯ ರೈಲಿಗೆ ಗುಬ್ಬಿ ಬಾಗಿಲವರೆಗೆ ಬಂದಳು. ಹುಷಾರಾಗಿ ಹೋಗು ಎಂದಳು. ಫೋನ್ ಮಾಡ್ತೀನಿ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಇನ್ನೀಗ ರಿಜಿಸ್ಟರು ಅವಳದು, ಪೆಟ್ಟಿಗೆ ಅವಳದು, ಕಾಲಂ ತುಂಬುವ ನಾಲಿಗೆಯೂ ಅವಳದೇ. ನನ್ನನ್ನು ಕೇಳಲು ಏನುಳಿದಿದೆ?

ಮರುದಿನ ಭಾನುವಾರ. ನಾಲ್ಕು ಗಂಟೆಗೆ ನಾನು ಕೂತೇ ಇದ್ದೆ, ಅಭ್ಯಾಸಬಲ. ಡಬ್ಬಿಗಳಿದ್ದ ಜಾಗದಲ್ಲಿ ಮೂರು ದುಂಡಗಿನ ಗುರುತುಗಳು. ನಾಲ್ಕೂಕಾಲಾಯಿತು. ಕೆಳಗಿನ ಬೀದಿಯಲ್ಲಿ ಯಾರದೋ ಫೋನು ಹೊಡೆದುಕೊಂಡು, ಯಾರೋ ಎತ್ತಿ, ಜೋರಾಗಿ ನಕ್ಕರು. ನಾಲ್ಕೂವರೆಗೆ ನಾನೇ ನಂಬರು ಒತ್ತಿದೆ.

"ಏನಕ್ಕಾ? ಇನ್ನೇನು ಬಚ್ಚಿಟ್ಟಿದ್ದೀಯ?"

"ಏನೂ ಇಲ್ಲ."

"ಮತ್ತೆ?"

ನೆಪಗಳಿಗೆ ನನಗೆ ಬರವೇ? ಆಸ್ಪತ್ರೆಗೆ ಬೆಂಕಿ ಬಿದ್ದಿದೆ, ಕೊಡೆ ಅಲ್ಲೇ ಮರೆತೆ, ಮಂಡಿ ಆನೆಯ ಕಾಲಿನಷ್ಟು ಊದಿದೆ. ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಒಂದನ್ನೂ ಹೊರಗೆ ಬಿಡಲಿಲ್ಲ.

"ಸುಮ್ನೆ ಮಾಡ್ದೆ," ಎಂದೆ.

"ಸುಮ್ನೆ ಅಂದ್ರೆ?"

"ಸುಮ್ನೆ ಕಣೇ. ಏನೂ ಕೆಲಸ ಇರ್ಲಿಲ್ಲ. ಮಾಡ್ದೆ."

ಆ ಕಡೆ ಸೌಟು ಪಾತ್ರೆಗೆ ತಾಗಿದ ಸದ್ದು.

"ಇರು, ಒಲೆ ಸಣ್ಣ ಮಾಡಿ ಬರ್ತೀನಿ," ಎಂದು ಗುಬ್ಬಿ ಫೋನನ್ನು ಎಲ್ಲೋ ಇಟ್ಟಳು.

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ. ನಲ್ಲಿ ಬಿಟ್ಟದ್ದು, ನಿಲ್ಲಿಸಿದ್ದು, ಮಕ್ಕಳು ಯಾವುದಕ್ಕೋ ಕಿತ್ತಾಡುವುದು, ಮುಚ್ಚಳವೊಂದು ನೆಲಕ್ಕೆ ಬಿದ್ದು ಸುತ್ತಿ ಸುತ್ತಿ ಸುಮ್ಮನಾದದ್ದು, ಎಲ್ಲ ಕೇಳಿಸಿತು. ಅವಳು ಇನ್ನೂ ಬಂದಿರಲಿಲ್ಲ.